ಎದುರು ತಾಟು

ಕಾಳವ್ವ ಬಡಿದ ರೊಟ್ಟಿಯ ಮೇಲೆ ಒಂದು ಕುಣಿ ಇರುತ್ತಿತ್ತು. ಅವಳ ಎಡಗೈಯ ಉಂಗುರ ಬೆರಳು ಅರ್ಧಕ್ಕೇ ನಿಂತಿತ್ತು. ಉಳಿದರ್ಧ ಸಾವಕಾರ ತಾತ್ಯಾಸಾಹೇಬರ ಕಬ್ಬಿನ ಹೊಲದಲ್ಲಿ ಬಿದ್ದಿತ್ತು. ಕಬ್ಬು ಕಡಿಯುವಾಗ ಕೊಯ್ತಾ ಜಾರಿ ಬಡಿದಿತ್ತು. ಬಿದ್ದ ಬೆರಳನ್ನು ಯಾರೂ ಹುಡುಕಲಿಲ್ಲ. ಅರಿವೆ ಸುತ್ತಿಕೊಂಡು ಹೊತ್ತು ಮುಳುಗುವ ತನಕ ಅವಳೇ ಕಬ್ಬು ಕಟ್ಟಿದಳು. ಅಂದಿನಿಂದ ರೊಟ್ಟಿ ಬಡಿಯುವಾಗ ಆ ಮೋಟು ಬೆರಳು ಅಂಚಿನ ಹತ್ತಿರ ಊರುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬಿದರೂ ಕುಣಿ ಮುಚ್ಚುತ್ತಿರಲಿಲ್ಲ. ಕೇರಿಯ ಮಕ್ಕಳು ಬುಟ್ಟಿಯಲ್ಲಿ ಕೈಯಾಡಿಸಿ, ಕುಣಿ ನೋಡಿ, ಇದು ಕಾಳವ್ವ ಆಯಿದು ಎಂದು ಆರಿಸಿಕೊಳ್ಳುತ್ತಿದ್ದವು.

ಒಲೆ ಹೊತ್ತಿದ ಮೇಲೆ ಮೊದಲ ರೊಟ್ಟಿ ಅವಳ ಮನೆಯದಲ್ಲ, ಹೊಳೆಯವ್ವನದು. ಅದನ್ನು ಹೊಸ್ತಿಲ ಮೇಲಿಟ್ಟು, ಕೃಷ್ಣೆಯ ಕಡೆ ಮುಖ ಮಾಡಿ ಕೈ ಮುಗಿದು, ಆಮೇಲೆ ಎರಡನೆಯದಕ್ಕೆ ಹಿಟ್ಟು ನಾದುತ್ತಿದ್ದಳು. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳು. ಆ ರೊಟ್ಟಿಯನ್ನು ಕಾಗೆ ತಿಂದರೂ ನಾಯಿ ತಿಂದರೂ ಹೊಳೆಯವ್ವನೇ ತಿಂದಳೆಂದು ಲೆಕ್ಕ. ದೇವರ ಹೊಟ್ಟೆಗೆ ಜಾತಿ ಇಲ್ಲ ಎಂದು ಅವಳು ಚಿಕ್ಕಂದಿನಿಂದ ನಂಬಿದ್ದಳು. ಆ ನಂಬಿಕೆ ಇವತ್ತಿಗೂ ಇದೆ. ಹೋದದ್ದು ಬೇರೆ ನಂಬಿಕೆ.

ಊರು ಉಗಾರ ಬುದ್ರುಕದ ಆಚೆ, ಹೊಳೆಯ ದಂಡೆಯ ಮೇಲೆ. ನಾಗರ ಪಂಚಮಿಯ ಹಿಂದಿನ ದಿನ ಅಲ್ಲಿ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಿಳಿಜೋಳದ ಕಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಎಲ್ಲವನ್ನೂ ತಾಟಿನಲ್ಲಿಟ್ಟು, ಮೇಲೆ ಬಿಳಿ ಅರಿವೆ ಮುಚ್ಚಿ ಮನೆಯಿಂದ ಮನೆಗೆ ಒಯ್ಯುತ್ತಾರೆ. ಬಂದ ತಾಟನ್ನು ಬರಿದು ಮಾಡಿ ತಿರುಗಿ ಕಳಿಸುವಂತಿಲ್ಲ. ತಮ್ಮ ಮನೆಯ ರೊಟ್ಟಿ ಇಟ್ಟೇ ಕಳಿಸಬೇಕು. ಅದಕ್ಕೆ ಎದುರು ತಾಟು ಅನ್ನುತ್ತಾರೆ. ಬರೇ ತಾಟು ಹೋದರೆ ನಂಟು ಹರಿದಂತೆ. ಲಿಂಗಾಯತರ ತಾಟು ಜೈನರ ಮನೆಗೆ ಹೋಗುತ್ತದೆ, ಜೈನರದು ಮರಾಠರ ಮನೆಗೆ. ಮಾದರ ಕೇರಿಗೆ ಮಾತ್ರ ತಾಟು ಬರುವುದಿಲ್ಲ. ಕೇರಿಯ ಹೆಂಗಸರೇ ಹಿತ್ತಲ ಬಾಗಿಲಿಗೆ ಹೋಗಿ ಸೆರಗೊಡ್ಡಬೇಕು. ಮೇಲಿನಿಂದ ರೊಟ್ಟಿ ಉಡಿಗೆ ಬೀಳುತ್ತದೆ. ತಾಟೇ ಬಾರದ ಮೇಲೆ ತಿರುಗಿಸುವ ಮಾತೆಲ್ಲಿಯದು? ಹಿರಿಯರು ಬಹಳ ಯೋಚಿಸಿಯೇ ಮಾಡಿದ್ದಾರೆ.

ಮಹಾಪೂರ ಬಂದದ್ದೂ ಇಂಥದೇ ಹಬ್ಬದ ಹೊತ್ತಿಗೆ. ಬೆಳಗಾಗುವಷ್ಟರಲ್ಲಿ ಹೊಳೆ ಊರ ಅಗಸಿ ಬಾಗಿಲೊಳಗೆ ಬಂದಿತ್ತು. ಮೊದಲು ಕೇರಿ ಹೋಯಿತು, ಆಮೇಲೆ ಊರು. ಎಲ್ಲರೂ ದಿಬ್ಬದ ಮೇಲಿನ ಶಾಲೆಯಲ್ಲಿ ಸೇರಿದರು. ದಾರಿಗಳೆಲ್ಲ ಮುಳುಗಿ ಸರಕಾರದ ಅನ್ನ ಬರಲಿಲ್ಲ. ತಾತ್ಯಾಸಾಹೇಬರ ಆಳುಗಳು ಹೊತ್ತು ತಂದ ಜೋಳದ ಹಿಟ್ಟಿನ ಚೀಲಗಳಷ್ಟೇ ಇದ್ದವು. ಮೇಲಿನ ಓಣಿಯ ಹೆಂಗಸರು ಮನೆ ಮುಳುಗಿದ್ದನ್ನು ಕಂಡು ಕೈಕಾಲು ಸೋತು ಕೂತಿದ್ದರು. ಕಾಳವ್ವ, ಅವಳ ನೆರೆಮನೆಯ ಲಗಮವ್ವ ಮತ್ತು ಕೇರಿಯ ಇನ್ನೂ ಕೆಲವರು ಮೂರು ಕಲ್ಲು ಹೂಡಿ ಹಸಿ ಕಟ್ಟಿಗೆ ಊದಿದರು. ಕಣ್ಣು ಕೆಂಪಗಾಗುವ ತನಕ ಊದಿದರು. ತೋಳು ಬೀಳುವ ತನಕ ಬಡಿದರು. ಅಂದು ಯಾರೂ ಕುಣಿ ನೋಡಲಿಲ್ಲ, ಕೈ ನೋಡಲಿಲ್ಲ. ಹಸಿವು ನೋಡಿತು, ತಿಂದಿತು. ಊರ ದೊಡ್ಡ ಸಾವಕಾರ ತಾತ್ಯಾಸಾಹೇಬರೂ ಬಂದರು. ಎರಡೂ ಕೈ ಚಾಚಿ ಕಾಳವ್ವನಿಂದ ರೊಟ್ಟಿ ಈಸಿಕೊಂಡರು. ದೋಣಿಯಲ್ಲಿ ಬಂದಿದ್ದ ಯಾರೋ ಅದರ ಫೋಟೋ ಹೊಡೆದರು.

ನೀರು ಇಳಿಯಿತು. ಅದರ ಜೊತೆ ಹಸಿವೂ ಇಳಿಯಿತು. ತಾತ್ಯಾಸಾಹೇಬರ ಮನೆಯವರು ಗೋಮೂತ್ರ ಚಿಮುಕಿಸಿಕೊಂಡು ತಲೆಯ ಮೇಲೆ ನೀರು ಹಾಕಿಕೊಂಡು ಮನೆಯೊಳಗೆ ಹೋದರು. ಆ ಮನೆಯೊಳಗಿನ ರಾಡಿಯನ್ನು ಮೊದಲೇ ಕೇರಿಯವರು ಹೊರಗೆ ಹಾಕಿದ್ದರು. ಮೊಣಕಾಲುದ್ದದ ರಾಡಿ. ಅದರಲ್ಲಿ ಊರಿನ ಹೇಲು, ಸತ್ತ ಕೋಳಿ, ಹಾವು. ಕೊಟ್ಟಿಗೆಯಲ್ಲಿ ಕಟ್ಟಿದಲ್ಲೇ ಸತ್ತ ಎಮ್ಮೆಗಳು ಹೊಟ್ಟೆ ಉಬ್ಬಿ ಕಾಲು ಮೇಲೆ ಮಾಡಿ ಬಿದ್ದಿದ್ದವು. ಹಗ್ಗ ಬಿಗಿದು ಎಳೆದರೆ ಕಾಲಿನ ತೊಗಲು ಹಗ್ಗದ ಜೊತೆಯೇ ಜಾರಿ ಕೈಗೆ ಬರುತ್ತಿತ್ತು. ಕಾಳವ್ವ ವಾಂತಿ ಮಾಡಿಕೊಂಡಳು, ಬಾಯಿ ಒರೆಸಿಕೊಂಡು ಮತ್ತೆ ಎಳೆದಳು. ಬೇರೆ ಯಾರನ್ನೂ ಕರೆಯಲಿಲ್ಲ. ಕರೆಯುವ ಪದ್ಧತಿ ಇಲ್ಲ.

ಅದಾದ ಮೇಲೆ ಸೇವಾ ಸಂಸ್ಥೆಯೊಂದು ಬಂತು. ನೀಲಮ ಮೇಡಮ್ ಬಂದಳು. ಸಂತ್ರಸ್ತ ಮಹಿಳೆಯರಿಗೆ ಕೌಶಲ ತರಬೇತಿ ಎಂದಳು. ತಾತ್ಯಾಸಾಹೇಬರು ತಮ್ಮ ಒಣದ್ರಾಕ್ಷಿಯ ಶೆಡ್ಡು ಬಿಟ್ಟುಕೊಟ್ಟರು. ಮೇಲಿನ ಓಣಿಯ ಹೆಂಗಸರಿಗೆ ಹೊಲಿಗೆ ಯಂತ್ರಗಳು ಬಂದವು. ಅವರು ಮನೆಗೇ ಒಯ್ದರು. ಕೇರಿಯವರಿಗೆ ರೊಟ್ಟಿ. ನಮಗೂ ಯಂತ್ರ ಕೊಡಬಹುದಿತ್ತಲ್ಲ ಎಂದು ಲಗಮವ್ವ ಕೇಳಿದ್ದಕ್ಕೆ ಮೇಡಮ್ ಗೋಡೆಯ ಮೇಲಿನ ಬ್ಯಾನರು ತೋರಿಸಿದಳು. ಆಳೆತ್ತರದ ಫೋಟೋ. ಸಾವಕಾರರ ಚಾಚಿದ ಕೈ, ಕಾಳವ್ವನ ಕೈಯ ರೊಟ್ಟಿ. ಈ ಫೋಟೋ ನೋಡಿಯೇ ದೊಡ್ಡವರು ದುಡ್ಡು ಕೊಟ್ಟಿದ್ದು, ಹಾಗಾಗಿ ನಿಮ್ಮದು ರೊಟ್ಟಿ ಘಟಕವೇ ಆಗಬೇಕು ಎಂದಳು.

ರೊಟ್ಟಿ ಬಡಿಯುವುದನ್ನು ಕಲಿಸಿದರು. ತಲೆಗೆ ಟೋಪಿ, ಕೈಗೆ ಪ್ಲಾಸ್ಟಿಕ್ ಚೀಲ. ಚೀಲದ ಕೈಗೆ ಹಿಟ್ಟು ಅಂಟಿ ರೊಟ್ಟಿ ಆಗಲಿಲ್ಲ. ಫೋಟೋ ಆದ ಮೇಲೆ ತೆಗೆದಿಡಿ ಎಂದರು. ಪ್ಲಾಸ್ಟಿಕ್ ಡಬ್ಬಿಯ ಮೇಲೆ ಕಾಳವ್ವನ ಮುಖ ಅಚ್ಚಾಯಿತು. ದಿನವೂ ಸಂಜೆ ಸಾವಕಾರರ ಟೆಂಪೋ ಬಂದು ಡಬ್ಬಿಗಳನ್ನು ತುಂಬಿಕೊಂಡು ಹೋಗುತ್ತಿತ್ತು. ಸಾಂಗಲಿಗೆ, ಬೆಳಗಾವಿಗೆ ಎನ್ನುತ್ತಿದ್ದರು. ತಿಂಗಳಿಗೊಮ್ಮೆ ಪಗಾರ ಬರುತ್ತಿತ್ತು. ಆ ವರ್ಷ ಕಾಳವ್ವ ಕೊಯ್ತಾ ಮುಟ್ಟಲಿಲ್ಲ. ಕಬ್ಬು ಕಡಿಯುವವರ ಟೋಳಿ ಊರು ಬಿಟ್ಟಾಗ ಅವಳು ಹಂಚಿನ ಮುಂದೆ ಕೂತಿದ್ದಳು. ಬೆನ್ನು ಸುಟ್ಟರೂ ಮನಸ್ಸು ತಂಪಾಗಿತ್ತು. ನಾ ಬಡಿದ ರೊಟ್ಟಿಯನ್ನು ಹೆಸರರಿಯದ ಊರಲ್ಲಿ ಯಾರೋ ಮುರಿದು ತಿನ್ನುತ್ತಿದ್ದಾರೆ, ಅವರ ಮಕ್ಕಳು ಕುಣಿ ನೋಡಿ ನಗುತ್ತಿರಬೇಕು ಎಂದುಕೊಳ್ಳುತ್ತಿದ್ದಳು. ಹೊಸ್ತಿಲ ಮೇಲೆ ರೊಟ್ಟಿ ಇಡುವಾಗ, ಮನಿ ಒಯ್ದಿ, ಕಸಬು ಕೊಟ್ಟಿ, ತಾಯಿ, ನಿನ್ನ ಲೆಕ್ಕ ನಿನಗ ಗೊತ್ತು ಎನ್ನುತ್ತಿದ್ದಳು. ಹೋದ ನಂಬಿಕೆ ಎಂದೆನಲ್ಲ, ಅದು ಇದು.

ಮತ್ತೆ ಪಂಚಮಿ ಬಂತು. ತರಬೇತಿಯ ಸಮಾರೋಪವನ್ನು ರೊಟ್ಟಿ ಹಬ್ಬದ ದಿನವೇ ಇಟ್ಟುಕೊಂಡರು. ಹಿಂದಿನ ದಿನ ಸಾವಕಾರರ ಹೆಂಡತಿ ಉಜ್ವಲಾ ಹೇಳಿ ಕಳಿಸಿದಳು. ಶೆಡ್ಡಿನ ಅಂಗಳ ಸಾರಿಸಬೇಕು, ಕಾಳವ್ವ ಹಿತ್ತಲಿಗೆ ಬಂದು ಸೆಗಣಿ ಒಯ್ಯಲಿ ಎಂದು. ಡಬ್ಬಿಯ ಮೇಲೆ ಮುಖ ಬಂದರೂ ಸೆಗಣಿಗೆ ಕಾಳವ್ವನೇ ಆಗಬೇಕಿತ್ತು. ಅವಳು ಬುಟ್ಟಿ ಹಿಡಿದು ಹೋದಳು.

ಕೊಟ್ಟಿಗೆಯಲ್ಲಿ ಹೊಸ ಎಮ್ಮೆಗಳಿದ್ದವು. ಗೋದಲಿಯಲ್ಲಿ ಮೂತಿ ಹಾಕಿ ಮೇಯುತ್ತಿದ್ದವು. ಕರಕರ ಸಪ್ಪಳ ಬರುತ್ತಿತ್ತು. ಹುಲ್ಲಿನ ಸಪ್ಪಳ ಹಾಗಿರುವುದಿಲ್ಲ. ಕಾಳವ್ವ ಬಗ್ಗಿ ನೋಡಿದಳು. ಹೊಟ್ಟು, ಹಿಂಡಿ, ಜೊಲ್ಲು, ಅದರ ನಡುವೆ ರೊಟ್ಟಿ. ಗೋದಲಿಯ ಉದ್ದಕ್ಕೂ ರೊಟ್ಟಿ. ಮೂಲೆಯಲ್ಲಿ ಖಾಲಿ ಡಬ್ಬಿಗಳ ರಾಶಿ. ಎಲ್ಲದರ ಮೇಲೂ ಅವಳ ಮುಖ ನಗುತ್ತಿತ್ತು.

ಅವಳು ಒಂದು ಎಮ್ಮೆಯ ಮೂತಿ ಸರಿಸಿ ರೊಟ್ಟಿ ಎತ್ತಿಕೊಂಡಳು. ಅರ್ಧ ನೆನೆದಿತ್ತು. ಅಂಚಿನ ಹತ್ತಿರ ಕುಣಿ. ಮೋಟು ಬೆರಳನ್ನು ಅದರಲ್ಲಿ ಇಟ್ಟಳು. ಸರಿಯಾಗಿ ಕೂತಿತು.

ಟೆಂಪೋ ಓಡಿಸುವ ದುಂಡೇಶ ಅಲ್ಲೇ ಎಮ್ಮೆ ತೊಳೆಯುತ್ತಿದ್ದ. ಇದೇನೋ ಎಂದು ಕೇಳಿದರೆ, ಹಳಸಿದ್ದು ಇರಬೇಕು ಬಿಡು ಎಂದ. ಕಡಕ್ ರೊಟ್ಟಿ ತಿಂಗಳಾದರೂ ಹಳಸುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅವಳು ರೊಟ್ಟಿಯನ್ನು ಅವನ ಮುಂದೆ ಹಿಡಿದಳು. ಅವನು ಕೈಯ ಚೊಂಬು ಕೆಳಗಿಟ್ಟ.

"ನನ್ನ ಹೆಸರ ಹೇಳಬ್ಯಾಡ ಆಯಿ. ಮೊದಲ ಪ್ಯಾಟಿಗೆ ಒಯ್ದಿದ್ದೆ. ಅಂಗಡ್ಯಾವ್ರೆಲ್ಲಾ ನಮ್ಮ ಸಾವಕಾರ್ರ ಪೈಕಿ. ಡಬ್ಬಿ ಮ್ಯಾಲಿನ ಫೋಟೋ ನೋಡಿ, ಯಾವ ಕೇರ್ಯಾಕಿ ಅಂತ ಕೇಳಿದ್ರು. ತಿರಗಿ ತಂದೆ. ಅವತ್ತಿನಿಂದ ಟೆಂಪೋ ಅಗಸಿ ದಾಟತೈತಿ, ಕಬ್ಬಿನ ಹೊಲ ಸುತ್ತತೈತಿ, ಹಿಂದಿನ ಹಾದೀಲೆ ಇಲ್ಲಿಗೇ ಬರತೈತಿ."

"ಊರಾಗ ಯಾರ್ಯಾರಿಗೆ ಗೊತ್ತೈತಿ?"

"ಎಲ್ಲಾರಿಗೂ ಗೊತ್ತೈತಿ. ನಿಮಗ ಒಬ್ಬರಿಗೆ ಗೊತ್ತಿದ್ದಿದ್ದಿಲ್ಲ." ಸಮಾಧಾನ ಹೇಳುವವನಂತೆ ಅಂದ, "ಎಮ್ಮಿ ಹಾಲಂತೂ ಚಲೋ ಕೊಡಾಕತ್ತಾವು. ಡೈರಿಗೆ ಹೊಕ್ಕೈತಿ."

ಎಮ್ಮೆ ತಿಂದರೆ ಹಾಲು. ಅದನ್ನು ಊರೆಲ್ಲ ಕುಡಿಯುತ್ತದೆ. ಕಾಳವ್ವ ಕೊಟ್ಟರೆ ಮೈಲಿಗೆ. ಅವಳು ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಸೆಗಣಿಯ ಬುಟ್ಟಿಯನ್ನು ಅಲ್ಲೇ ಬಿಟ್ಟು ನಡೆದಳು.

ಶೆಡ್ಡಿನಲ್ಲಿ ನೀಲಮ ಮೇಡಮ್ ಬ್ಯಾನರು ಕಟ್ಟಿಸುತ್ತಿದ್ದಳು. ಕಾಳವ್ವ ಸೆರಗು ಬಿಚ್ಚಿ ರೊಟ್ಟಿ ತೋರಿಸಿದಳು. ಮೇಡಮ್‌ಗೆ ಆಶ್ಚರ್ಯವಾಗಲಿಲ್ಲ. ಆಗಿದ್ದರೆ ಕಾಳವ್ವನ ಅರ್ಧ ಸಿಟ್ಟು ಇಳಿಯುತ್ತಿತ್ತೋ ಏನೋ. ಮೇಡಮ್ ಆಚೀಚೆ ನೋಡಿ ದನಿ ತಗ್ಗಿಸಿದಳು.

"ನಿಮ್ಮ ಪಗಾರ ಯಾವತ್ತಾದರೂ ನಿಂತಿದೆಯಾ ಕಾಳವ್ವ? ಇಲ್ಲ ತಾನೆ. ಜನರ ಮನಸ್ಸು ಒಂದೇ ದಿನಕ್ಕೆ ಬದಲಾಗಲ್ಲ. ನಾಳೆ ದುಡ್ಡು ಕೊಟ್ಟವರು ಬರ್ತಾರೆ. ಅವರು ನೋಡಿ ಖುಷಿಪಟ್ಟರೆ ಇನ್ನೆರಡು ವರ್ಷ ನಡೆಯುತ್ತೆ. ಕೆಟ್ಟರೆ ನಾಳಿದ್ದು ಶೆಡ್ಡಿಗೆ ಬೀಗ."

ಆಮೇಲೆ ನಾಳೆಯ ಕೆಲಸ ವಿವರಿಸಿದಳು. ಕೇರಿಯ ಹೆಂಗಸರು ಒಲೆಯ ಮುಂದೆ ಕೂತು ಬಡಿಯಬೇಕು, ಅದು ಫೋಟೋಕ್ಕೆ. ಬಂದವರು ತಿನ್ನುವ ರೊಟ್ಟಿ ಸಾವಕಾರರ ಮನೆಯಿಂದ ಬರುತ್ತದೆ. ಉಜ್ವಲಾ ಅಕ್ಕನೇ ತಾಟು ಕಳಿಸುತ್ತಾಳೆ. ಕಾಳವ್ವ ಆ ತಾಟು ಹಿಡಿದು ವೇದಿಕೆಗೆ ಬಂದು, ಬ್ಯಾನರಿನ ಮುಂದೆ ನಿಂತು ಸಾವಕಾರರಿಗೆ ಕೊಡಬೇಕು. ಹೋದ ವರ್ಷದ ಫೋಟೋದ ಹಾಗೆಯೇ. ಸಾವಕಾರರು ಮುರಿದು ತಿನ್ನುತ್ತಾರೆ. ಅಷ್ಟೇ. ಈ ರೊಟ್ಟಿ ವಿಷಯ ಬೇರೆಯವರಿಗೆ ಹೇಳಬೇಡಿ ಎಂದು ಕೈ ಮುಗಿದಳು.

ಹೊತ್ತು ಮುಳುಗುವ ಮುಂಚೆಯೇ ಕಾಳವ್ವ ಕೇರಿಯ ಕಟ್ಟೆಯ ಮೇಲೆ ರೊಟ್ಟಿ ಇಟ್ಟು ಎಲ್ಲರಿಗೂ ಹೇಳಿದಳು. ಹೆಂಗಸರು ಸುತ್ತ ಕೂತರು. ಲಗಮವ್ವ ಹಿರಿಯಳು. ಬಾಯಿ ಹರಿತ. ಎಮ್ಮೆ ಪುಣ್ಯ ಮಾಡಿತ್ತು ಬಿಡು, ನಮ್ಮ ಗಂಡಂದಿರಿಗೂ ದಿನಾ ಇಷ್ಟು ರೊಟ್ಟಿ ಸಿಕ್ಕಿಲ್ಲ ಎಂದಳು. ಎಲ್ಲರೂ ನಕ್ಕರು. ನಗು ಬೇಗ ಮುಗಿಯಿತು. ಆಮೇಲೆ ಲಗಮವ್ವ ಕಾಳವ್ವನ ಕಡೆ ತಿರುಗಿದಳು.

"ಎಮ್ಮಿ ತಿನ್ಲಿ, ಹಂದಿ ತಿನ್ಲಿ. ಪಗಾರ ಬರತೈತಿಲ್ಲೊ? ಚಳ್ಯಾಗ ಕಬ್ಬಿನ ರವದಿ ಮ್ಯಾಲ ಮಲಗೂದು ಮರತ್ಯಾ? ನಿಂದು ಒಂದ ಬೆರಳ ಹೋಗೈತಿ. ನಂದು ಸ್ವಂಟನ ಹೋಗೈತಿ. ಇನ್ನೊಮ್ಮಿ ಕೊಯ್ತಾ ಹಿಡದ್ರ ನಾ ಹೊಳ್ಳಿ ಬರಂಗಿಲ್ಲ."

ಸುಳ್ಳಲ್ಲ. ಕಾಳವ್ವ ತಲೆ ತಗ್ಗಿಸಿದಳು. ಕೇರಿಯ ಕೆಳಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು.

"ಎಮ್ಮಿ ತಿಂದದ್ದಕ್ಕ ನನಗ ಸಿಟ್ಟಿಲ್ಲವಾ," ಎಂದಳು. "ಅದೂ ಹಸದ ಜೀವಾನ. ನಾಳೆ ಆ ಸಾವಕಾರನ ಹೇಣ್ತಿ ಬಡದ ರೊಟ್ಟಿ ನನ್ನ ಕೈಯಾಗ ಕೊಟ್ಟು, ನನ್ನ ಕೈಲೆ ಅವಗ ಕೊಡಸ್ತಾರ. ಅವ ತಿಂತಾನ. ಮಂದಿ ಚಪ್ಪಾಳಿ ಬಡೀತಾರ. ಮಾದರಾಕಿ ರೊಟ್ಟಿ ತಿಂದ ದೊಡ್ಡ ಮನಷ್ಯಾ ಅಂತಾರ. ಹಂಗಾರ ನಾ ಏನು? ತಾಟ ಇಡೂ ಕಟ್ಟಿಗಿ ಮಣಿ ಏನು?"

ಲಗಮವ್ವ ಕಟ್ಟೆಯ ಮೇಲಿನ ರೊಟ್ಟಿ ಎತ್ತಿ ತಿರುಗಿಸಿ ನೋಡಿದಳು. ಮೂಸಿದಳು. ಅಲ್ಲೇ ಇಟ್ಟಳು. ಸೊಂಟ ಹಿಡಿದುಕೊಂಡು ಎದ್ದು ಮನೆಗೆ ಹೋದಳು.

ಮರುದಿನ ಕಾಳವ್ವ ಎಂದಿನಂತೆ ಒಲೆ ಹೊತ್ತಿಸಿದಳು. ಮೊದಲ ರೊಟ್ಟಿ ಹೊಸ್ತಿಲ ಮೇಲಿಟ್ಟಳು. ತಾಯಿ, ನಾ ಅನ್ನಕ್ಕ ಅಪಮಾನ ಮಾಡಾಕತ್ತಿಲ್ಲ, ಆದ ಅಪಮಾನ ತೋರಸಾಕತ್ತೀನಿ, ನೀ ಸಾಕ್ಷಿ ಇರು ಎಂದಳು. ಅಷ್ಟರಲ್ಲಿ ದುಂಡೇಶ ಕೇರಿಗೆ ಬಂದ. ಕೈಯಲ್ಲಿ ಉಜ್ವಲಾ ಕಳಿಸಿದ ತಾಟು. ಹೊಳೆಯುವ ದೊಡ್ಡ ಸ್ಟೀಲಿನ ತಾಟು, ಮೇಲೆ ಇಸ್ತ್ರಿ ಮಾಡಿದ ಬಿಳಿ ಅರಿವೆ. ಸಮಾರಂಭಕ್ಕೆ ಬರುವಾಗ ಹಿಡಿದುಕೊಂಡು ಬಾ ಎಂದು ಅವಳ ಕೈಗೇ ಕೊಟ್ಟು ಹೋದ. ಮುದುಕಿಯರು ಹೊರಗೆ ಬಂದು ನೋಡಿದರು. ಕೇರಿ ಹುಟ್ಟಿದಾಗಿನಿಂದ ಪಂಚಮಿಗೆ ಮೇಲಿನ ಓಣಿಯ ತಾಟು ಆ ದಾರಿಗೆ ಬಂದದ್ದು ಅದೇ ಮೊದಲು. ತಾಟು ಬಂದರೆ ಏನು ಮಾಡಬೇಕು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಕಾಳವ್ವ ಮಕ್ಕಳನ್ನು ಕರೆದು ತಾಟಿನ ರೊಟ್ಟಿ ಹಂಚಿದಳು. ತೆಳ್ಳಗಿನ ಚಲೋ ರೊಟ್ಟಿ, ಎಳ್ಳು ಹಚ್ಚಿದ್ದು. ರೊಟ್ಟಿಯದೇನು ತಪ್ಪು? ಮಕ್ಕಳು ತಿಂದವು. ತಾಟು ಖಾಲಿಯಾಯಿತು. ಅವಳು ಗೋದಲಿಯ ಆ ಒಂದು ರೊಟ್ಟಿಯನ್ನು ನಡುವೆ ಇಟ್ಟಳು. ದೊಡ್ಡ ತಾಟಿನಲ್ಲಿ ಅದು ಸಣ್ಣದಾಗಿ ಕಂಡಿತು.

ಆಗ ಲಗಮವ್ವ ಓಣಿಯ ತುದಿಯಿಂದ ಬಂದಳು. ಉಡಿ ತುಂಬಿ ಜೋತು ಬಿದ್ದಿತ್ತು, ಸೀರೆ ಒದ್ದೆಯಾಗಿತ್ತು. ಸಾವಕಾರರ ಕೊಟ್ಟಿಗೆಗೆ ಸೆಗಣಿ ತರಲು ಹೋಗಿದ್ದೆ ಎಂದಳು. ಉಡಿ ಬಿಚ್ಚಿ ತಾಟಿನ ಮೇಲೆ ಸುರಿದಳು. ಅಗಿದು ಬಿಟ್ಟವು, ಹೊಟ್ಟು ಮೆತ್ತಿದವು, ಜೊಲ್ಲಿನ ನೂಲು ಇಳಿಯುವವು. "ಇದರಾಗ ನನ್ನವೂ ಅದಾವು," ಎಂದಳು. "ನನ್ನ ರೊಟ್ಟಿ ಅಂಚ ಸೀಳತೈತಿ. ನೋಡು, ಇದು ನಂದ." ಮೇಲೆ ಬಿಳಿ ಅರಿವೆ ಮುಚ್ಚಿದವಳೂ ಅವಳೇ.

ಶೆಡ್ಡಿನ ಅಂಗಳ ಸಾರಿಸಿರಲಿಲ್ಲ, ಕಾರ್ಪೆಟ್ ಹಾಸಿದ್ದರು. ದೂರದ ಊರಿಂದ ದುಡ್ಡು ಕೊಟ್ಟವರು ಬಂದು ಕೂತಿದ್ದರು. ತಾತ್ಯಾಸಾಹೇಬರು ಮಾತಾಡಿದರು. ಹೊಳೆಗೆ ಜಾತಿ ಇಲ್ಲ, ಹಸಿವಿಗೆ ಜಾತಿ ಇಲ್ಲ, ಈ ತಾಯಂದಿರ ಕೈಯ ರೊಟ್ಟಿ ತಿಂದು ನಮ್ಮ ಊರು ಬದುಕಿತು ಎಂದರು. ಮಾತು ಚೆನ್ನಾಗಿತ್ತು. ಒಳಗೆ ಹಂಚಿನ ಮುಂದೆ ಕೂತ ಹೆಂಗಸರು ಟೋಪಿ ಹಾಕಿಕೊಂಡಿರಲಿಲ್ಲ. ಹಿಟ್ಟನ್ನೂ ಮುಟ್ಟಿರಲಿಲ್ಲ. ನೀಲಮ ಮೇಡಮ್ ಮೈಕಿನಲ್ಲಿ ಕಾಳವ್ವನ ಹೆಸರು ಕರೆದಳು.

ಕಾಳವ್ವ ಬಯಲು ಅಂಗಳದ ವೇದಿಕೆ ಹತ್ತಿ ಬ್ಯಾನರಿನ ಮುಂದೆ ನಿಂತಳು. ಕ್ಯಾಮರಾದವರು ಮುಂದೆ ಬಂದರು. ತಾತ್ಯಾಸಾಹೇಬರು ಹೋದ ವರ್ಷದಂತೆಯೇ ಎರಡೂ ಕೈ ಚಾಚಿದರು. ಮುಖದಲ್ಲಿ ನಗು. ಅವಳು ತಾಟು ಮುಂದೆ ಹಿಡಿದಳು. ಅವರು ಅರಿವೆ ಸರಿಸಿ, ಕ್ಯಾಮರಾದ ಕಡೆ ನೋಡುತ್ತಲೇ ಕೈ ಹಾಕಿದರು.

ಬೆರಳುಗಳು ನೆನೆದ ರೊಟ್ಟಿಯೊಳಗೆ ಇಳಿದವು. ಅವರು ಕೆಳಗೆ ನೋಡಿದರು. ಕೈ ಹಿಂದಕ್ಕೆ ಎಳೆದುಕೊಂಡರು. ಜೊಲ್ಲು ಬೆರಳಿಂದ ನೂಲಿನಂತೆ ಎದ್ದು ಬಂತು. ಧೋತರಕ್ಕೆ ಒರೆಸಿಕೊಂಡರು, ಮತ್ತೆ ಮತ್ತೆ ಒರೆಸಿಕೊಂಡರು. ವಾಸನೆ ಮುಂದಿನ ಕುರ್ಚಿಗಳ ತನಕ ಹೋಯಿತು. ದುಡ್ಡು ಕೊಟ್ಟ ಹೆಣ್ಣುಮಗಳೊಬ್ಬಳು ಮೂಗು ಮುಚ್ಚಿಕೊಂಡು, ಇದೇನಿದು ಎಂದು ಪಕ್ಕದವರನ್ನು ಕೇಳಿದಳು.

"ಏನ ಹೇಸಿಗಿ ತಂದೀಯಲೇ ಇದು," ಎಂದರು ತಾತ್ಯಾಸಾಹೇಬರು. ಮೈಕು ಅಲ್ಲೇ ಇತ್ತು. ಎಲ್ಲರಿಗೂ ಕೇಳಿಸಿತು.

"ಹೌದ್ರಿ, ಹೇಸಿಗೀನ," ಎಂದಳು ಕಾಳವ್ವ. ದನಿ ಏರಲಿಲ್ಲ. "ನಿನ್ನಿ ನೋಡಿದಾಗ ನನಗೂ ಹಂಗ ಅನಿಸ್ತ್ರಿ. ನಾವು ವರ್ಷ ಪೂರ್ತಿ ಬಡದ ರೊಟ್ಟಿ ಇದು. ನಿಮ್ಮ ಗ್ವಾದ್ಲ್ಯಾಗ ಸಿಕ್ತು. ಸಾಂಗ್ಲಿಗೆ ಹೋಗೂ ಹಾದ್ಯಾಗ ನಿಮ್ಮ ಎಮ್ಮಿ ಕೂತಿದ್ವು. ಪಂಚಮಿಗೆ ನಿಮ್ಮ ಮನಿ ತಾಟ ನಮ್ಮ ಕೇರಿಗೆ ಇವತ್ತ ಮೊದಲ ಸಲ ಬಂತ್ರಿ ಸಾವಕಾರ್ರ. ಬರೇ ತಾಟ ತಿರಗಿ ಕೊಡಬಾರದು ಅಂತಾರ. ಅದಕ್ಕ ತಂದೀನಿ."

ತಾಟನ್ನು ಅವರ ಕಾಲ ಬಳಿ ಇಟ್ಟಳು. ಬೀಸಾಡಲಿಲ್ಲ. ಎಷ್ಟೆಂದರೂ ರೊಟ್ಟಿ, ಬಗ್ಗಿ ನಿಧಾನವಾಗಿ ಇಟ್ಟಳು. ನೀಲಮ ಮೇಡಮ್ ಓಡಿ ಬಂದು ಅವಳ ತೋಳು ಹಿಡಿದು, ಹನ್ನೆರಡು ಹೆಂಗಸರ ಅನ್ನಕ್ಕೆ ಕಲ್ಲು ಹಾಕಿದಿರಲ್ಲ ಎಂದಳು. ಕಾಳವ್ವ ಒಳಗೆ ನೋಡಿದಳು. ಒಲೆಯ ಮುಂದೆ ಕೂತವರೆಲ್ಲ ಎದ್ದು ನಿಂತಿದ್ದರು. ಲಗಮವ್ವ ಎಲ್ಲರಿಗಿಂತ ಮೊದಲು ಹೊರಗೆ ನಡೆದಿದ್ದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು. ಅವಳ ಹಿಂದೆ ಉಳಿದವರು. ಕಾಳವ್ವ ಮೇಡಮ್ಮಳ ಕೈಯನ್ನು ತನ್ನ ತೋಳಿನಿಂದ ಬಿಡಿಸಿ ಅವರ ಹಿಂದೆ ಹೋದಳು.

ಅದೇ ಮಧ್ಯಾಹ್ನ ಶೆಡ್ಡಿಗೆ ಬೀಗ ಬಿತ್ತು. ಬ್ಯಾನರು ಇಳಿಸಿದರು. ಕಾರುಗಳು ಹೋದವು. ಸುಗ್ಗಿಗೆ ಕಬ್ಬಿನ ಟೋಳಿ ಮತ್ತೆ ಹೊರಡುತ್ತದೆ, ಅದರಲ್ಲಿ ತಾನಿರುತ್ತೇನೆ, ಲಗಮವ್ವನೂ ಇರುತ್ತಾಳೆ ಎಂಬುದು ಕಾಳವ್ವನಿಗೆ ಗೊತ್ತಿತ್ತು. ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕೊಯ್ತಾ ತೆಗೆದು ಕಲ್ಲಿಗೆ ಮಸೆದು ಇಟ್ಟಳು. ಅಳಲಿಲ್ಲ.

ಸಂಜೆಯ ಹೊತ್ತಿಗೆ ದುಂಡೇಶ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲಿ ನಿಂತ. ಹೇಳಲು ನಾಚಿಕೆಯಾಗಿ ಕಾಲಿನಿಂದ ಮಣ್ಣು ಕೆದರಿದ. ತಾಟು ಅಲ್ಲೇ ವೇದಿಕೆಯ ಮೇಲೆ ಬಿದ್ದಿದೆಯಂತೆ. ಮನೆಯವರು ಯಾರೂ ಮುಟ್ಟುತ್ತಿಲ್ಲವಂತೆ. ಆಳುಗಳೂ ಒಲ್ಲೆ ಎಂದರಂತೆ. ಬೆಲೆಯ ತಾಟು, ಉಜ್ವಲಾ ಅಕ್ಕನ ತವರಿನದು.

"ಕೇರ್ಯಾಗಿಂದ ಯಾರರ ಬಂದು ತಿಕ್ಕಿ ಕೊಟ್ಟು ಹೋಗಬೇಕಂತ," ಎಂದ.

ಕಾಳವ್ವ ಹಿಟ್ಟು ನಾದುವ ಕೊಣಮಿಗೆಗೆ ಜೋಳದ ಹಿಟ್ಟು ಸುರಿಯುತ್ತಿದ್ದಳು. ಬಿಸಿನೀರು ಹಾಕಿ ನಾದಿದಳು. ಉಂಡೆ ಮಾಡಿ ಬಡಿಯತೊಡಗಿದಳು. ಮೋಟು ಬೆರಳು ಊರಿದಲ್ಲಿ ಕುಣಿ ಬಿತ್ತು. ರೊಟ್ಟಿ ಅಗಲವಾಗುವ ತನಕ ಅವಳು ತಲೆ ಎತ್ತಲಿಲ್ಲ.

"ಅವರ ಎಂಜಲಾ, ಅವರ ತಾಟ," ಎಂದಳು. "ಅವರ ತಿಕ್ಕಲಿ."

ದುಂಡೇಶ ಅಲ್ಲಿಂದ ಹೊರಟ. ಬೇರೆ ಮನೆಗಳಲ್ಲೂ ಕೇಳಿದ. ಯಾವ ಬಾಗಿಲಿಂದಲೂ ಯಾರೂ ಹೊರಗೆ ಬರಲಿಲ್ಲ.

ರಾತ್ರಿಯೆಲ್ಲ ಮಳೆ ಸುರಿಯಿತು. ಬೆಳಿಗ್ಗೆ ನೋಡಿದರೆ ತಾಟು ಅಲ್ಲೇ ಇತ್ತು, ರಾಡಿ ನೀರು ತುಂಬಿಕೊಂಡು.